ಗೋಡೆಕಿವಿ ಕೇಳದ ಮಾತು

ಹಳದಿ ಚೀಟಿ ಬಂದ ದಿನ ದಾಕ್ಷಾಯಣಿಯ ಕೈಯಿಂದ ಮೊದಲು ಹೋದದ್ದು ಗ್ಯಾಸಿನ ಲೈಟರ್. ಸೊಸೆ ಮೇಘಾ ಅದನ್ನು ಬಹಳ ನಯವಾಗಿ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು. "ನೀವು ಕುಂದರ್ರಿ ಅತ್ತಿ, ನಾ ಹಚ್ತೀನಿ" ಎಂದಳು. ಮದುವೆಯಾಗಿ ಬಂದಾಗಿನಿಂದ ಧಾರವಾಡದ ಅರ್ಧ ಊರಿಗೆ ಜೋಳದ ರೊಟ್ಟಿ ಬಡಿದು ಹಾಕಿದ ಹೆಂಗಸು ತನ್ನದೇ ಖಾನಾವಳಿಯಲ್ಲಿ, ತನ್ನದೇ ಒಲೆಯ ಮುಂದೆ, ಬೆಂಕಿ ಹಚ್ಚಲು ನಾಲಾಯಕ್ಕಾದಳು.

ಅವಳಿಗೆ ಆಗ ಐವತ್ತಾರು. ಚೀಟಿಯ ಪ್ರಕಾರ ಮರೆವಿನ ರೋಗ ಬರುವುದು ಅರವತ್ತೆಂಟರ ಸುಮಾರಿಗೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇದು ಅದಕ್ಕಿಂತ ಒಂದು ಕೈ ಮೇಲು. ಹೊಲಿಸಿದ ಕುಲಾವಿಯನ್ನು ಇವತ್ತಿನಿಂದಲೇ ತಲೆಗೆ ಹಾಕಿಕೊಂಡು ತಿರುಗು ಎಂದ ಹಾಗಿತ್ತು.

ಇದಕ್ಕೆಲ್ಲ ಕಾರಣ ಗೋಡೆಕಿವಿ. ಅದರ ಸರ್ಕಾರಿ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಅಂಗೈಯಗಲದ ಬೂದು ಡಬ್ಬಿ. ನಲವತ್ತೈದು ದಾಟಿದವರಿರುವ ಪ್ರತಿ ಮನೆಯ ಗೋಡೆಗೂ ಮೂರು ತಿಂಗಳು ಅಂಟಿಕೊಂಡಿರುತ್ತದೆ. ಜನ ಏನು ಆಡಿದರು ಎಂಬುದು ಅದಕ್ಕೆ ಬೇಡ, ಹೇಗೆ ಆಡಿದರು ಎಂಬುದು ಬೇಕು. ಮಿದುಳು ಸವೆಯಲು ತೊಡಗಿದರೆ ಮನೆಯವರಿಗೆ ಗೊತ್ತಾಗುವ ಹತ್ತು ಹನ್ನೆರಡು ವರ್ಷ ಮೊದಲೇ ಮಾತಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವಂತೆ. ವಸ್ತುವಿನ ಹೆಸರು ಬರಬೇಕಾದ ಕಡೆ 'ಅದು' ಬರುತ್ತದೆ, ಮನುಷ್ಯರ ಹೆಸರು ಬರಬೇಕಾದ ಕಡೆ 'ಇವರು' ಬರುತ್ತದೆ, ಅಥವಾ ಏನೂ ಬರುವುದಿಲ್ಲ. ಗೋಡೆಕಿವಿ ಆ ತೂತುಗಳನ್ನು ಎಣಿಸುತ್ತದೆ. ಹೆಚ್ಚಿದ್ದರೆ ಹಳದಿ ಚೀಟಿ, ಇಲ್ಲದಿದ್ದರೆ ಹಸಿರು. ಹಳದಿಯವರಿಗೆ ತಿಂಗಳಿಗೊಂದು ಚುಚ್ಚುಮದ್ದು. ಬೇಗ ಶುರು ಮಾಡಿದರೆ ಅದು ರೋಗವನ್ನು ನಾಲ್ಕಾರು ವರ್ಷ ಹಿಂದಕ್ಕೆ ತಳ್ಳುತ್ತದೆ. ಅದೇನೂ ಸುಳ್ಳಲ್ಲ, ಎಷ್ಟೋ ಜನರಿಗೆ ಅದರಿಂದ ಒಳ್ಳೆಯದಾಗಿತ್ತು.

ಆದರೆ ಚುಚ್ಚುಮದ್ದಿನ ಹಿಂದೆಯೇ ನಿಯಮವೂ ಬಂತು. ಹಳದಿಯವರು ಬೆಂಕಿ, ಗಾಲಿ, ಸಹಿ ಮೂರರ ತಂಟೆಗೂ ಹೋಗಬಾರದು. ಒಲೆ ಹಚ್ಚುವಂತಿಲ್ಲ, ಗಾಡಿ ನಡೆಸುವಂತಿಲ್ಲ, ವ್ಯವಹಾರದ ಕಾಗದಕ್ಕೆ ರುಜು ಹಾಕುವಂತಿಲ್ಲ. ನಿಯಮ ಬಂದ ಮೇಲೆ ಜನ ಸುಮ್ಮನಿರುತ್ತಾರೆಯೇ? ಸಂಬಂಧ ನೋಡಲು ಬಂದವರು ಗುರು-ಮಠ ಕೇಳುವ ಮೊದಲು ಬೀಗರಾಗುವವರ ಚೀಟಿಯ ಬಣ್ಣ ಕೇಳತೊಡಗಿದರು. ತಡವರಿಸದೆ ಮಾತಾಡುವುದನ್ನು ಕಲಿಸುವ ಟ್ಯೂಶನ್ನುಗಳು ಓಣಿಗೊಂದು ಹುಟ್ಟಿದವು. ಪಕ್ಕದ ಮನೆಯವರಂತೂ ಗೋಡೆಕಿವಿ ಬಂದ ಕೂಡಲೇ ಬಾಯಿಗೆ ಬಿಡುವು ಕೊಡದ ಒಬ್ಬ ಸೋದರತ್ತೆಯನ್ನು ಗದಗಿನಿಂದ ಕರೆಸಿ ಮೂರು ತಿಂಗಳು ಡಬ್ಬಿಯ ಕೆಳಗೇ ಕೂರಿಸಿದ್ದರು. ಡಬ್ಬಿ ಧ್ವನಿ ಬೇರೆ ಮಾಡಿ ಎಣಿಸುತ್ತದೆಂದು ಅವರಿಗೆ ಗೊತ್ತಾದದ್ದು, ಅವಳೊಬ್ಬಳಿಗೇ ಹಸಿರು ಚೀಟಿ ಬಂದಾಗ.

ದಾಕ್ಷಾಯಣಿಗೆ ರೋಗದ ಹೆದರಿಕೆ ಅಷ್ಟಿರಲಿಲ್ಲ. ಅವಳ ತಲೆ ಕೆಡಿಸಿದ್ದು ಮನೆಯವರ ಮರ್ಯಾದೆ. ಮೇಘಾ ಅಡುಗೆಮನೆಯ ಡಬ್ಬಿಗಳಿಗೆಲ್ಲ 'ಉಪ್ಪು', 'ಸಕ್ಕರೆ' ಎಂದು ಗೇಣಗಲದ ಅಕ್ಷರದಲ್ಲಿ ಚೀಟಿ ಅಂಟಿಸಿದಳು. ಮಗ ಬಸವಪ್ರಭು ಅವ್ವನ ಜೊತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಕಿವುಡರೊಂದಿಗೆ ಆಡುವ ಹಾಗೆ ಮಾತಾಡತೊಡಗಿದ. ದಿನಾ ಊಟಕ್ಕೆ ಬರುವ ವಕೀಲರೊಬ್ಬರು ಎಣಗಾಯಿಯನ್ನು ಬೆರಳ ತುದಿಯಲ್ಲಿ ನೆಕ್ಕಿ, ಒಂದು ಕ್ಷಣ ಕಾದು, ಆಮೇಲೆ ರೊಟ್ಟಿ ಮುರಿಯುತ್ತಿದ್ದರು. ಅವಳು ಬೈದರೆ ರೋಗದ ಲಕ್ಷಣ, ಸುಮ್ಮನಿದ್ದರೆ ಇನ್ನೂ ದೊಡ್ಡ ಲಕ್ಷಣ.

"ನನಗ ಏನೂ ಆಗಿಲ್ಲೋ" ಎಂದರೆ ಮಗ ತಲೆಯಾಡಿಸುತ್ತಿದ್ದ. "ಹಂಗ ಅನಿಸೂದೂ ಅದರದ ಒಂದು ಲಕ್ಷಣ ಅಂತವ್ವಾ" ಎನ್ನುತ್ತಿದ್ದ. ಇಂಥ ಮಾತಿಗೆ ಯಾವ ದೇವರು ತಾನೇ ಉತ್ತರ ಕೊಟ್ಟಾನು?

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಗಂಡನ ಹಸಿರು ಚೀಟಿ. ನೂರಕ್ಕೆ ತೊಂಬತ್ತಾರು ಅಂಕ. ಬಸವಪ್ರಭು ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದ. ಕೆಳಗೆ ಕುಳಿತು ದುಡ್ಡು ಎಣಿಸುವ ಮನುಷ್ಯನಿಗೆ ಇಡೀ ದಿನ ಹೆಂಡತಿಯ ನಾಲಿಗೆಯೇ ಬೇಕು.

"ಏ, ನಂದು ಅದು ಎಲ್ಲೈತಿ..."

"ಚಾಳೀಸು ಟೀವಿ ಮ್ಯಾಲೈತ್ರಿ."

"ಅಂವ ಬಂದಿದ್ದ ಇವತ್ತ, ಅಂವ ಹೂವಿನ..."

"ಹೂಗಾರ ಸಿದ್ದು. ರೊಕ್ಕಾ ಕೊಟ್ಟೀನಿ."

ಒಲೆಯ ಮುಂದಿನಿಂದ ತಲೆ ಕೂಡ ಎತ್ತದೆ ಅವಳು ಉತ್ತರ ಎಸೆಯುತ್ತಿದ್ದಳು. ಗಂಡಸರೇ ಹಾಗೆ, ಹೆಂಡತಿಯನ್ನು ಕಂಡರೆ ಅವರ ತಲೆ ರಜೆ ಹಾಕುತ್ತದೆ ಎಂದು ಅವಳ ತಿಳಿವಳಿಕೆ. ಒಂದು ವಿಷಯದಲ್ಲಿ ಮಾತ್ರ ಗಂಡ ಸುಧಾರಿಸಿದ್ದ. ಮದುವೆಯಾದ ಹೊಸದರಿಂದಲೂ ಅವನಿಗೊಂದು ಕೆಟ್ಟ ಚಟವಿತ್ತು. ಓಣಿಯ ತುದಿಯಿಂದಲೇ "ದಾಕ್ಷೀ" ಎಂದು ಕೂಗುತ್ತ ಬರುವುದು. ಅತ್ತೆ-ಮಾವನ ಎದುರು, ಗಿರಾಕಿಗಳ ಎದುರು, ಯಾವ ನಾಚಿಕೆಯೂ ಇಲ್ಲ. ಇವಳು ಸೆರಗು ಬಾಯಿಗಿಟ್ಟುಕೊಂಡು, "ಮೆಲ್ಲಗ್ರಿ, ಮಂದಿ ಏನಂದಾರು" ಎಂದು ಗದರುತ್ತಿದ್ದಳು. ಈಗೀಗ ಅವನು ಊರಿನ ಉಳಿದ ಹಿರಿಯರ ಹಾಗೆ "ಏ", "ಬಾ ಇಲ್ಲೆ" ಎನ್ನುತ್ತಿದ್ದ. ಅಂತೂ ಅರವತ್ತಕ್ಕೆ ಬುದ್ಧಿ ಬಂತು ಎಂದು ಅವಳು ಒಳಗೊಳಗೇ ಸಮಾಧಾನಪಟ್ಟಿದ್ದಳು.

ಚೀಟಿ ತಪ್ಪು ಎಂದು ಅರ್ಜಿ ಹಾಕಿದವಳಿಗೆ ತಪಾಸಣಾ ಕೇಂದ್ರದಿಂದ ಕರೆ ಬರುವಷ್ಟರಲ್ಲಿ ಎಳ್ಳಮಾವಾಸ್ಯೆ ಕಳೆದಿತ್ತು. ಹುಬ್ಬಳ್ಳಿ ರಸ್ತೆಯ ಆ ಗಾಜಿನ ಕಟ್ಟಡದ ಹಾಲಿನಲ್ಲಿ ಗೋಡೆಯ ತುಂಬ ಪರದೆ, ಪರದೆಯ ತುಂಬ ಜಿಲ್ಲೆಯ ನಕ್ಷೆ. ಹಳದಿ ಚೀಟಿಯ ಮನೆಗಳೆಲ್ಲ ಅದರಲ್ಲಿ ಕಡಲೆಬೇಳೆ ಚೆಲ್ಲಿದ ಹಾಗೆ ಕಾಣುತ್ತಿದ್ದವು. ಅಲ್ಲಿನ ವೈದ್ಯೆ ಆಫ್ರೀನ್ ನದಾಫ್ ಧಾರವಾಡದವಳೇ. ಕಣ್ಣ ಕೆಳಗೆ ಕಪ್ಪು, ಮೇಜಿನ ಮೇಲೆ ಆರಿದ ಚಹಾ.

"ನಿಮ್ಮ ಮಾತಿನ್ಯಾಗ ಒಂದು ಗುಂಪೇ ಖಾಲಿ ಐತ್ರಿ ಅಮ್ಮಾ" ಎಂದು ಅವಳು ಪರದೆ ತೋರಿಸಿದಳು. "ಮನಿಯವರ ಹೆಸರು ಬರೂದಿಲ್ಲ. ಮತ್ತ, ಕಲ್ಲಿಗೆ ಸಂಬಂಧಪಟ್ಟ ಮಾತು ಒಂದೂ ಬರೂದಿಲ್ಲ. ಮಿದುಳಿನ್ಯಾಗ ಆ ಭಾಗನ ಸವದೈತಿ ಅಂತ ರಾಜಧಾನಿಯ ತಜ್ಞರು ಬರದಾರ. ಈಗ ಚಿತ್ರ ತೋರಸ್ತೀನಿ, ಹೆಸರು ಹೇಳ್ರಿ."

ಮೊದಲ ಚಿತ್ರವೇ ಒಂದು ಕಲ್ಲಂಗಡಿ.

"ಹಣ್ಣು" ಎಂದಳು ದಾಕ್ಷಾಯಣಿ.

"ಯಾವ ಹಣ್ಣ್ರಿ?"

"ಬ್ಯಾಸಗಿ ಹಣ್ಣು. ಒಳಗ ಕೆಂಪಗಿರತೈತಿ, ಕರೇ ಬೀಜ. ಸಂತ್ಯಾಗ ಹೋಳು ಮಾಡಿ ಮಾರ್ತಾರಲ್ಲ."

"ಅದರ ಹೆಸರು?"

ದಾಕ್ಷಾಯಣಿ ಬಾಯಿ ಮುಚ್ಚಿದಳು. ಜೊತೆಗೆ ಬಂದಿದ್ದ ಬಸವಪ್ರಭು ಕಣ್ಣೊರೆಸಿಕೊಂಡ. "ನೆನಪ ಮಾಡ್ಕೋವ್ವಾ" ಎಂದ.

"ನೆನಪೈತೋ ಮಾರಾಯ. ಹೇಳಂಗಿಲ್ಲ, ಅಷ್ಟ."

ವೈದ್ಯೆಯ ಕೈ ನಿಂತಿತು. "ಹೇಳಂಗಿಲ್ಲ ಅಂದ್ರ?"

"ಅದರಾಗ ನಮ್ಮ ಮಾವನವರ ಹೆಸರು ಬರತೈತ್ರಿ. ಹಿರ್ಯಾರ ಹೆಸರು ಸೊಸಿ ಬಾಯಾಗ ಹ್ಯಾಂಗ ಬರಬೇಕು? ಗಂಡನ ಹೆಸರಂತೂ ಕೇಳಬ್ಯಾಡ್ರಿ."

ಮಾವ ಕಲ್ಲಪ್ಪ ಸತ್ತು ಇಪ್ಪತ್ತು ವರ್ಷವಾಗಿತ್ತು. ಆದರೂ ಈ ಸೊಸೆ ಕಲ್ಲನ್ನು 'ಗಟ್ಟೀದು' ಎನ್ನುತ್ತಿದ್ದಳು, ಕಲ್ಲುಪ್ಪನ್ನು 'ಹರಳುಪ್ಪು' ಎನ್ನುತ್ತಿದ್ದಳು, ಕಲ್ಲಂಗಡಿಯನ್ನು 'ಕೆಂಪನ್ನ ಹಣ್ಣು' ಎನ್ನುತ್ತಿದ್ದಳು. ಹುಟ್ಟಿದಂದಿನಿಂದ ಅದನ್ನೇ ಕೇಳಿ ಬೆಳೆದ ಮಗನಿಗೆ ಅದು ತನ್ನ ಮನೆಯ ಮಾತು ಅನ್ನಿಸಿತ್ತೇ ಹೊರತು ತಪ್ಪಿಸಿಕೊಳ್ಳುವ ಮಾತು ಎಂದು ಹೊಳೆದಿರಲಿಲ್ಲ. ಅವಳಿಗಾದರೂ ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿದ್ದರೆ ತಾನೇ. ಉಸಿರಾಡುತ್ತೇನೆ ಎಂದು ಯಾರಾದರೂ ಅರ್ಜಿ ಕೊಡುತ್ತಾರೆಯೇ?

ಆಫ್ರೀನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ನಮ್ಮ ಅಜ್ಜೀನೂ ಅಜ್ಜನ ಹೆಸರು ಒಂದಿನಾ ಹೇಳ್ಲಿಲ್ರಿ" ಎಂದಳು. "ಈ ಜಿಲ್ಲಾದಾಗ ಹೆಂಗಸರಿಗೇ ಯಾಕ ಇಷ್ಟು ಹಳದಿ ಅಂತ ಎರಡು ವರ್ಷಾತು ತಲಿ ಕೆಡಿಸ್ಕೊಂಡೀನಿ. ಮ್ಯಾಲಿನವರು ರಕ್ತದಾಗ ಕಬ್ಬಿಣಾ ಕಮ್ಮಿ ಅಂದ್ರು, ನಿದ್ದಿ ಕಮ್ಮಿ ಅಂದ್ರು. ಅದರ ಮ್ಯಾಲ ಪ್ರಬಂಧಾನೂ ಬರದ್ರು. ಆ ಯಂತ್ರ ಮಾತು ಕಲತದ್ದು ಮಹಾನಗರದ ಫ್ಲ್ಯಾಟಿನ್ಯಾಗ. ಅಲ್ಲೆ ಹೇಣ್ತಿ ಗಂಡಗ ಹೆಸರು ಹಿಡದ ಕರೀತಾಳ."

ಎತ್ತು ಈದಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಜಾಣರ ಗುಂಪು ರಾಜಧಾನಿಯಲ್ಲೂ ಇದೆ ಎಂದು ತಿಳಿದು ದಾಕ್ಷಾಯಣಿಗೆ ಆ ಸಿಟ್ಟಿನಲ್ಲೂ ಸ್ವಲ್ಪ ಹಾಯೆನಿಸಿತು. "ಹಂಗಾರ ಚೀಟಿ ಹಸಿರು ಮಾಡಿಕೊಡ್ರಿ, ರೊಟ್ಟಿ ಹೊತ್ತಾತು" ಎಂದಳು.

ಅಷ್ಟು ಸುಲಭವಾಗಿದ್ದರೆ ಅದು ಸರ್ಕಾರವೇ ಅಲ್ಲ. ಡಬ್ಬಿ ಕೊಟ್ಟ ಅಂಕವನ್ನು ಡಬ್ಬಿಯೇ ತಿದ್ದಬೇಕು. ಅವಳು ಆ ಹೆಸರುಗಳನ್ನು ತಡವರಿಸದೆ ಡಬ್ಬಿಯ ಮುಂದೆ ಹೇಳಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹೆಸರು ಹೇಳಲಾರೆ ಎಂಬುದಕ್ಕೇ ಚೀಟಿ ಬಂದಿದೆ; ಚೀಟಿ ಹೋಗಬೇಕಾದರೆ ಹೆಸರು ಹೇಳಬೇಕು. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ಒಡಪು ಹಾಕಿ ಹೇಳ್ರಿ ಅಮ್ಮಾ" ಎಂದಳು ಆಫ್ರೀನ್. "ಅದಕ್ಕ ದೋಷ ಇಲ್ಲಲ್ಲ."

ಅದು ನಿಜ. ಮದುವೆಯಲ್ಲಿ ಹೊಸ ಸೊಸೆ ಹೊಸ್ತಿಲ ಮೇಲೆ ನಿಂತಾಗ ನಾದಿನಿಯರು ಬಾಗಿಲು ತಡೆದು ಗಂಡನ ಹೆಸರು ಕೇಳುತ್ತಾರೆ. ಆಗ ಪದ ಕಟ್ಟಿ, ಆ ಪದದ ಮರೆಯಲ್ಲಿ ಹೆಸರು ಹೇಳಿದರೆ ಯಾರ ಆಯುಷ್ಯಕ್ಕೂ ಕುಂದಿಲ್ಲ. ದಾಕ್ಷಾಯಣಿ ಮತ್ತೆ ಕುಳಿತಳು.

"ಬರೋ ವಾರ ಇಬ್ಬರೂ ಬರ್ರಿ. ಒಂದು ಮನಿಯ ಲೆಕ್ಕಾ ತಿದ್ದೂದಂದ್ರ ಗಂಡ ಹೇಣ್ತಿ ಇಬ್ಬರದೂ ಮತ್ತೊಮ್ಮೆ ಕೇಳಸಬೇಕು. ಅವರು ಮಾತಾಡುವಾಗ ನೀವು ನಡುವ ಬಾಯಿ ಹಾಕೂ ಹಂಗಿಲ್ಲ ಮತ್ತ."

"ನಾ ಯಾಕ ಹಾಕಲಿ?" ಎಂದಳು ದಾಕ್ಷಾಯಣಿ.

ಆ ವಾರವಿಡೀ ಅವಳು ಹಿಟ್ಟು ನಾದುತ್ತ ಒಡಪು ಕಟ್ಟಿದಳು. ಮೇಘಾ ಬಾಗಿಲ ಸಂದಿಯಿಂದ ಇಣುಕಿ, "ಅತ್ತಿ ತಮ್ಮಷ್ಟಕ್ಕ ತಾವ ಮಾತಾಡಾಕತ್ತಾರ" ಎಂದು ಗಂಡನಿಗೆ ಫೋನು ಮಾಡಿದಳು. ದಾಕ್ಷಾಯಣಿ ಕೇಳಿಸಿಕೊಂಡರೂ ಕೇಳದವಳಂತೆ ಇದ್ದಳು. ಒಲೆ ವಾಪಸು ಬಂದ ದಿನ ಮೊದಲು ಆ ಡಬ್ಬಿಗಳ ಚೀಟಿ ಕಿತ್ತು ಒಲೆಗೇ ಹಾಕುವುದೆಂದು ತೀರ್ಮಾನಿಸಿದ್ದಳು.

ಮುಂದಿನ ವಾರ ಕೇಂದ್ರದ ಸಣ್ಣ ಕೋಣೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕುಳಿತರು. ಗಂಡ ಇಸ್ತ್ರಿ ಮಾಡಿದ ಅಂಗಿ, ಟೊಪ್ಪಿಗೆ ಹಾಕಿಕೊಂಡು, ಯಾರದೋ ಮದುವೆಗೆ ಬಂದವನ ಹಾಗೆ ನಗುತ್ತಿದ್ದ. ಎದುರಿನ ಗೋಡೆಯಲ್ಲಿ ಅದೇ ಬೂದು ಡಬ್ಬಿ. ದಾಕ್ಷಾಯಣಿ ಸೆರಗು ಸರಿಮಾಡಿಕೊಂಡು, ಡಬ್ಬಿಯನ್ನು ನಾದಿನಿ ಎಂದುಕೊಂಡು, ಒಂದೇ ಉಸಿರಿಗೆ ಹೇಳಿದಳು:

"ಹಂಚಿನ ಮ್ಯಾಲ ರೊಟ್ಟಿ ಉಬ್ಬಿದರ ಚಂದ,
ಎರಿಹೊಲದಾಗ ಬಿಳಿಜೋಳ ತೂಗಿದರ ಚಂದ,
ಗೋಡ್ಯಾಗಿನ ಕಿವಿಯೇ, ನೆಟ್ಟಗ ಕೇಳ,
ಕಲ್ಲಪ್ಪನ ಮಗ ಚನ್ನವೀರಪ್ಪ ನನ್ನ ಮನಿಗೆ ಚಂದ."

ಕೆನ್ನೆ ಬಿಸಿಯಾಯಿತು. ಡಬ್ಬಿಯ ದೀಪ ಹಸಿರಾಯಿತು. ಆಫ್ರೀನ್ ಚಪ್ಪಾಳೆ ತಟ್ಟಿದಳು. ಚನ್ನವೀರಪ್ಪನೂ ತಟ್ಟಿದ.

"ಈಗ ನಿಮ್ಮ ಪಾಳಿ ಕಾಕಾ. ಇವತ್ತ ಮುಂಜಾನೆ ಎದ್ದು ಏನೇನು ಮಾಡಿದ್ರಿ?"

"ಎದ್ದೆ. ಮಾರಿ ತೊಳಕೊಂಡೆ. ಆಮ್ಯಾಲೆ ಅದನ್ನ ತಂದೆ."

"ಯಾವದನ್ನ?"

"ಅದs, ದಿನಾ ತರತೀನಲ್ಲ. ಬೆಳ್ಳಗಿಂದು."

ಹಾಲು ಎಂಬ ಮಾತು ದಾಕ್ಷಾಯಣಿಯ ತುಟಿಯ ತನಕ ಬಂತು. ಅವಳು ತಡೆದುಕೊಂಡಳು. ಒಂದು ಸಣ್ಣ ಮಾತನ್ನು ತಡೆಯುವುದಕ್ಕೆ ಇಷ್ಟು ಕಷ್ಟಪಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಾಗಿದ್ದರೆ ಅವನು 'ಅದ' ಎನ್ನುವುದರೊಳಗೆ ಅವಳು ಹಾಲು ಎಂದಾಗಿರುತ್ತಿತ್ತು. ನಡುವೆ ಇನ್ನೊಬ್ಬರು ಬಾಯಿ ಹಾಕಿದ ಮಾತನ್ನು ಡಬ್ಬಿ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಅದಕ್ಕೆ ತೂತೇ ಕಾಣುತ್ತಿರಲಿಲ್ಲ. ನೂರಕ್ಕೆ ತೊಂಬತ್ತಾರು. ಅದು ಯಾರ ಅಂಕ ಎಂಬುದು ಅವಳಿಗೆ ಹೊಳೆಯಿತು.

"ನೀವೂ ಒಂದು ಒಡಪು ಹಾಕ್ರಿ" ಎಂದಳು ಆಫ್ರೀನ್. "ಬ್ಯಾಡಾದ್ರ ಹಂಗs ಹೇಳ್ರಿ. ಹೇಣ್ತಿ ಹೆಸರು."

ಚನ್ನವೀರಪ್ಪ ದಾಕ್ಷಾಯಣಿಯ ಕಡೆ ನೋಡಿದ. ಚಾಳೀಸು ಎಲ್ಲಿ ಎಂದು ಕೇಳುವಾಗ ನೋಡುತ್ತಿದ್ದನಲ್ಲ, ಹಾಗೆಯೇ ನೋಡಿದ. ಅವಳು ನಾಲಿಗೆ ಕಚ್ಚಿಕೊಂಡು ನೆಲ ನೋಡಿದಳು. ಕೊನೆಗೆ ಅವನು ಟೊಪ್ಪಿಗೆ ಸರಿಮಾಡಿಕೊಂಡು ನಕ್ಕ.

"ನಮ್ಮಲ್ಲಿ ಹೇಣ್ತಿ ಹೆಸರು ಹೇಳೂ ಪದ್ಧತಿ ಇಲ್ಲರಿ ಡಾಕ್ಟರ" ಎಂದ.

ಆಫ್ರೀನ್‌ಗೆ ಹೋದ ವಾರದ ಪಾಠ ಇನ್ನೂ ಹಸಿಯಾಗಿತ್ತು. "ಅಯ್ಯೋ, ನಂದs ತಪ್ಪಾತ್ರಿ ಕಾಕಾ. ಪದ್ಧತಿ ಅಂತ ಬರಕೋತೀನಿ" ಎಂದು ಪರದೆಯತ್ತ ತಿರುಗಿದಳು. ಆಮೇಲೆ ಸುಮ್ಮನೆ ವಾಡಿಕೆಗೆಂಬಂತೆ, "ಹೌದಲ್ರಿ ಅಮ್ಮಾ?" ಎಂದಳು.

ಪದ್ಧತಿಯಂತೆ. ಇಡೀ ಓಣಿಗೆ ಕೇಳುವ ಹಾಗೆ ಹೆಂಡತಿಯ ಹೆಸರು ಕೂಗಿ ಹೆತ್ತವ್ವನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ ಮನುಷ್ಯನಿಗೆ ಪದ್ಧತಿಯಂತೆ. ಆ ಕೂಗು ನಿಂತದ್ದು ಯಾವಾಗ? ಹೋದ ದೀಪಾವಳಿಗೆ ಇತ್ತೇ? ಅದರ ಹಿಂದಿನದಕ್ಕೆ? ಅವಳಿಗೆ ನೆನಪಾಗಲಿಲ್ಲ. ಬುದ್ಧಿ ಬಂತೆಂದು ಖುಷಿಪಟ್ಟಿದ್ದಳಲ್ಲ, ಅದು ನೆನಪಾಗಿ ತನ್ನ ಮೇಲೇ ಹೇಸಿಕೆ ಬಂತು. ಡಬ್ಬಿಯ ಮೇಲೆ ಸಿಟ್ಟು ಬಂತು, ಪದ್ಧತಿಯನ್ನು ವೈದ್ಯೆಯ ಕಿವಿಗೆ ಹಾಕಿದ ತನ್ನ ಬಾಯಿಯ ಮೇಲೆ ಬಂತು, ಹೀಗೆ ನಗುತ್ತ ಮರೆಯಲ್ಲಿ ನಿಂತುಬಿಟ್ಟ ಗಂಡನ ಮೇಲೂ ಬಂತು.

ಹೌದು ಎಂದರೆ ಎರಡು ಹಸಿರು ಚೀಟಿ ಹಿಡಿದುಕೊಂಡು ಮನೆಗೆ ಹೋಗಬಹುದು. ಇಲ್ಲ ಎಂದರೆ ತನಗಾದದ್ದೆಲ್ಲ ಇವನಿಗೆ. ಗಲ್ಲಾದ ಕೀಲಿ ಹೋಗುತ್ತದೆ, ಮಗ ಬಿಡಿಸಿ ಬಿಡಿಸಿ ಮಾತಾಡುತ್ತಾನೆ, ಗಿರಾಕಿಗಳು ಚಿಲ್ಲರೆಯನ್ನು ಎರಡು ಸಲ ಎಣಿಸುತ್ತಾರೆ. ಆ ಬಾಳು ಎಂಥದೆಂದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ತನ್ನ ತೋಳಿಗೆ ಇಷ್ಟು ತಿಂಗಳು ದಂಡವಾಗಿ ಚುಚ್ಚಿದ ಮದ್ದು ಬೇಕಾಗಿದ್ದುದು ಪಕ್ಕದ ತೋಳಿಗೆ.

"ಇಲ್ರಿ ಡಾಕ್ಟರ" ಎಂದಳು. "ಇವರಿಗೆ ಅಂಥಾ ಪದ್ಧತಿ ಎಂದೂ ಇರಲಿಲ್ಲ."

ಚನ್ನವೀರಪ್ಪ ಅವಳನ್ನು ನೋಡಿದ. ಆ ನೋಟದಲ್ಲಿ ಬೈಗುಳ ಇದ್ದರೆ ಅವಳಿಗೆ ಹಗುರವಾಗುತ್ತಿತ್ತು. ಸಿಕ್ಕಿಬಿದ್ದವನ ಸುಸ್ತು ಮಾತ್ರ ಇತ್ತು. ಎಷ್ಟು ದಿನದಿಂದ ಒಬ್ಬನೇ ಹುಡುಕುತ್ತಿದ್ದನೋ.

ಆಫ್ರೀನ್ ಮೆತ್ತಗೆ ಪರದೆ ತಿರುಗಿಸಿದಳು. ಕಾಗದಗಳೆಲ್ಲ ಮುಗಿದ ಮೇಲೆ ದಾಕ್ಷಾಯಣಿ ಕೇಳಿದಳು, "ಹೆಸರು ಕಿವಿಮ್ಯಾಲೆ ಬೀಳಕೋತ ಇದ್ರ ಉಳೀತಾವೇನ್ರಿ?"

"ಉಳೀತಾವ ಅಂತ ಹ್ಯಾಂಗ ಹೇಳಲ್ರಿ. ಹೋಗೂದು ತಡಾ ಆಗಬಹುದು."

ಮರುದಿನ ಬಸವಪ್ರಭು ಗಲ್ಲಾದ ಮೇಲಿನ ಹಸಿರು ಚೀಟಿ ಇಳಿಸಿ, ಅಪ್ಪನ ಮುಂದೆ ಬಗ್ಗಿ ನಿಂತು, "ಅಪ್ಪಾ, ಕೀಲಿ, ಇಲ್ಲೆ, ಕೊಡು" ಎಂದ. ಒಲೆಯ ಮುಂದಿನಿಂದ ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಬಂದಳು.

"ಮುಟ್ಟೀ ನೋಡು ಮತ್ತ. ಸಹಿ ಬೇಕಾದ್ರ ನೀ ಮಾಡು. ಆ ಕುರ್ಚಿ, ಆ ಕೀಲಿ ಅವರದು. ಮತ್ತ ಅವರ ಜೋಡಿ ಕಿವುಡರ ಜೋಡಿ ಮಾತಾಡಿದಂಗ ಮಾತಾಡಿದ್ರ ನಿನಗ ಇವತ್ತಿಂದ ಊಟ ಇಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಆ ಲೈಟರ್ ಕೊಡವಾ ಇಲ್ಲೆ."

ಮಧ್ಯಾಹ್ನದ ಪಂಕ್ತಿ ತುಂಬಿತ್ತು. ವಕೀಲರು ಎಣಗಾಯಿಯನ್ನು ನೆಕ್ಕಿ ನೋಡದೆ ನೇರ ರೊಟ್ಟಿ ಮುರಿದರು. ಗಲ್ಲಾದಲ್ಲಿ ಚನ್ನವೀರಪ್ಪ ನೋಟು ಹಿಡಿದು ಸುಮ್ಮನೆ ಬೀದಿ ನೋಡುತ್ತ ಕುಳಿತಿದ್ದ. ಒಡಪು ಕಟ್ಟಲು ದಾಕ್ಷಾಯಣಿಗೆ ಪುರುಸೊತ್ತಿರಲಿಲ್ಲ, ಹಂಚಿನ ಮೇಲೆ ರೊಟ್ಟಿ ಇತ್ತು. ಅವಳು ಅಲ್ಲಿಂದಲೇ, ಓಣಿಯ ತುದಿಗೆ ಕೇಳುವ ಹಾಗೆ ಕೂಗಿದಳು.

"ಚನ್ನವೀರಪ್ಪಾ."

ತುತ್ತು ಹಿಡಿದ ಕೈಗಳು ಹಾಗೇ ನಿಂತವು. ಮೇಘಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವನು ಬೆಚ್ಚಿ ತಿರುಗಿದ, ಅತ್ತಿತ್ತ ಗಿರಾಕಿಗಳನ್ನು ನೋಡಿದ, ಕಿವಿಯ ತನಕ ಕೆಂಪಾದ.

"ಮೆಲ್ಲಗs" ಎಂದು ಗದರಿದ. "ಮಂದಿ ಏನಂದಾರು."

"ಅನ್ನಲಿ" ಎಂದಳು ದಾಕ್ಷಾಯಣಿ. "ದಾಕ್ಷಾಯಣಿ ಕರದ್ಲು ಅಂತ ಹೇಳ್ರಿ."